ಮೀನು, ದ್ರಾಕ್ಷಾರಸ, ಪಂಕ್ತಿ

ಬೆಂಗಳೂರಿನ ಜಯನಗರ, ಜೆ.ಪಿ. ನಗರಗಳ ಅನುಕೂಲಸ್ಥರ ಮನೆಗಳಲ್ಲಿ ‘ಮೆಡಿಟರೇನಿಯನ್ ಊಟ’ವು ಇಂದು ಆರೋಗ್ಯದ ಗುರುತಾಗಿದೆ. ಮೀನಿಗೆ ಆಲಿವ್ ಎಣ್ಣೆ, ಬೆಳ್ಳುಳ್ಳಿ, ನಿಂಬೆರಸ, ಉಪ್ಪು ಸವರಿ, ಟೊಮೆಟೊ ಹೋಳುಗಳ ಮೇಲಿರಿಸಿ, 200 ಡಿಗ್ರಿ ಸೆಲ್ಸಿಯಸ್ ಕಾವಿನ ಓವನ್‌ನಲ್ಲಿ 15–20 ನಿಮಿಷ ಬೇಯಿಸುತ್ತಾರೆ. ಜೊತೆಗೆ ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿಯ ಬಿಳಿ ವೈನ್ ಇಡುತ್ತಾರೆ. ಅದರ ಹುಳಿ ಮೀನಿಗೆ ಒಗ್ಗುತ್ತದೆ, ಕೆಂಪು ವೈನ್ ಹಲವು ವೇಳೆ ಮೀನಿನೊಡನೆ ಲೋಹದ ರುಚಿ ತರುತ್ತದೆ. ಮೀನು, ರೊಟ್ಟಿ, ದ್ರಾಕ್ಷಾರಸ ಇವು ಸುವಾರ್ತೆಗಳನ್ನು ಓದುವವರಿಗೆ ಹೊಸವಲ್ಲ. ಈ ಊಟ ಮೊದಲು ಯಾರದಾಗಿತ್ತು ಎಂಬುದನ್ನು ನಾವು ಇಲ್ಲಿ ವಿಚಾರಿಸುತ್ತೇವೆ.

ಗಲಿಲಾಯದಲ್ಲಿ ಮೀನು ದುಡಿಯುವವರ ಆಹಾರವಾಗಿತ್ತು. ಮಗ್ದಲವೆಂದು ಸಾಮಾನ್ಯವಾಗಿ ಗುರುತಿಸಲಾಗುವ ಊರಿನ ಗ್ರೀಕ್ ಹೆಸರೇ ಉಪ್ಪುಮೀನಿನ ಕಸುಬಿನಿಂದ ಬಂದದ್ದು. ಯೋಹಾನನ ಸುವಾರ್ತೆಯ 21ನೆಯ ಅಧ್ಯಾಯದಲ್ಲಿ, ಪುನರುತ್ಥಾನಹೊಂದಿದ ಕರ್ತನು ತಿಬೇರಿಯ ಸಮುದ್ರದ ದಡದಲ್ಲಿ ಇದ್ದಿಲ ಬೆಂಕಿಯ ಮೇಲೆ ಮೀನು ಬೇಯಿಸಿ, ರಾತ್ರಿಯೆಲ್ಲಾ ದುಡಿದು ಬಂದ ಶಿಷ್ಯರನ್ನು ಊಟಕ್ಕೆ ಕರೆಯುತ್ತಾನೆ. ಪೇತ್ರನು ಆತನನ್ನು ಅರಿಯೆನೆಂದದ್ದೂ ಇದ್ದಿಲ ಬೆಂಕಿಯ ಬಳಿಯಲ್ಲಿಯೇ. ಆ ಗ್ರೀಕ್ ಪದವು ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡೇ ಕಡೆ. ಬಿಟ್ಟು ಓಡಿದವನಿಗೂ ಆ ಪಂಕ್ತಿಯಲ್ಲಿ ಸ್ಥಳವಿತ್ತು.

ರೋಮನರ ಔತಣದ ಪದ್ಧತಿ ಬೇರೆಯಾಗಿತ್ತು. ಅತಿಥಿಗಳ ಅಂತಸ್ತಿಗೆ ತಕ್ಕಂತೆ ಮೂರು ದರ್ಜೆಯ ದ್ರಾಕ್ಷಾರಸ ಬಡಿಸಿದ ಒಬ್ಬ ಆತಿಥೇಯನನ್ನು ಕಿರಿಯ ಪ್ಲಿನಿ ತನ್ನ ಪತ್ರವೊಂದರಲ್ಲಿ ಟೀಕಿಸಿದ್ದಾನೆ. ಇದೇ ರೋಗ ಕ್ರಿ.ಶ. 55ರ ಸುಮಾರಿಗೆ ಕೊರಿಂಥದ ಸಭೆಗೂ ತಗುಲಿತ್ತು: ಕೆಲವರು ಕುಡಿದು ಮತ್ತರಾಗುವಾಗ ಬಡವರು ಹಸಿದಿದ್ದರು. ಅದು ಕರ್ತನ ಭೋಜನವೇ ಅಲ್ಲವೆಂದು ಪೌಲನು ಬರೆದನು. ನಮ್ಮ ನಾಡಿನ ಮಾತಿನಲ್ಲಿ ಹೇಳುವುದಾದರೆ ಅವನು ಖಂಡಿಸಿದ್ದು ಪಂಕ್ತಿಭೇದವನ್ನು.

ಎರಡನೆಯ ಶತಮಾನದ ಕೊನೆಯ ಹೊತ್ತಿಗೆ ಫ್ರುಗ್ಯದ ಅಬರ್ಕಿಯಸ್ ಎಂಬವನ ಸಮಾಧಿಶಾಸನದಲ್ಲಿ ಇದಕ್ಕೆ ಪ್ರತಿಯಾದ ಚಿತ್ರ ದೊರೆಯುತ್ತದೆ. ಅದರ ತುಣುಕುಗಳನ್ನು ವಿಲಿಯಂ ರ‍್ಯಾಮ್ಸೆ 1883ರಲ್ಲಿ ಕಂಡುಹಿಡಿದರು. ರೋಮ್, ಸಿರಿಯಗಳವರೆಗೆ ಪ್ರಯಾಣ ಮಾಡಿದ ತನಗೆ ನಂಬಿಕೆಯು ಎಲ್ಲೆಡೆಯೂ ಮೀನನ್ನೂ ರೊಟ್ಟಿಯನ್ನೂ ನೀರು ಬೆರೆಸಿದ ದ್ರಾಕ್ಷಾರಸವನ್ನೂ ಬಡಿಸಿತೆಂಬುದು ಅದರ ತಾತ್ಪರ್ಯ. ಮೀನು ಇಲ್ಲಿ ಕ್ರಿಸ್ತನ ಸಂಕೇತ. ಅಪರಿಚಿತ ಊರುಗಳಲ್ಲಿಯೂ ಒಂದೇ ಊಟ ಅವನಿಗಾಗಿ ಕಾದಿತ್ತು.

ಆರೋಗ್ಯದ ಹೆಸರಿನ ‘ಮೆಡಿಟರೇನಿಯನ್’ ಊಟದ ಮೂಲವೂ ಸಿರಿತನವಲ್ಲ. 1958ರಲ್ಲಿ ಆರಂಭವಾದ ಏಳು ದೇಶಗಳ ಅಧ್ಯಯನದಲ್ಲಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಗಮನಿಸಿದವರಲ್ಲಿ ಕ್ರೇತದ ಹಳ್ಳಿಗರೂ ಇದ್ದರು. ಧಾನ್ಯ, ಕಾಳು, ಸೊಪ್ಪು, ಆಲಿವ್ ಎಣ್ಣೆ ಅವರ ನಿತ್ಯದ ಆಹಾರ, ಮಾಂಸ ಅಪರೂಪ.

ನಮ್ಮ ನಗರದಲ್ಲಿಯೂ ಈ ಊಟದ ಸಾಮಗ್ರಿ ದುಬಾರಿಯಾಗಬೇಕಿಲ್ಲ. ಗಲಿಲಾಯದ ‘ಪೇತ್ರನ ಮೀನಿ’ನ ಬಂಧುವಾದ ತಿಲಾಪಿಯ 1952ರಲ್ಲಿ ಭಾರತಕ್ಕೆ ಬಂದು, ಈಗ ಜಿಲೇಬಿ ಮೀನೆಂಬ ಹೆಸರಿನಿಂದ ಅಗ್ಗವಾಗಿ ಸಿಗುತ್ತದೆ. ಬೆಂಗಳೂರು ನೀಲಿ ದ್ರಾಕ್ಷಿಯಿಂದ ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್‌ಗೆ ವೈನ್ ಮಾಡುತ್ತಾರೆ. ಮದ್ಯ ಬೇಡವೆನ್ನುವ ಸಭೆಗಳು, 1869ರಲ್ಲಿ ಅಮೆರಿಕದ ಥಾಮಸ್ ವೆಲ್ಚ್ ತೋರಿಸಿದ ದಾರಿಯಲ್ಲಿ, ಹುಳಿಯದ ದ್ರಾಕ್ಷಿರಸವನ್ನು ಪಾತ್ರೆಯಲ್ಲಿಡುತ್ತವೆ.

ಕೊರತೆ ಇರುವುದು ಪಂಕ್ತಿಯಲ್ಲಿ. ಓವನ್‌ನಿಂದ ತೆಗೆದ ಮೀನು ಹೋಟೆಲಿನಲ್ಲಿ ಗೌರವದ ಖಾದ್ಯ. ಅದೇ ಮೀನಿನ ವಾಸನೆ ಬಾಡಿಗೆ ಮನೆಯ ಅಡುಗೆಮನೆಯಿಂದ ಬಂದರೆ, ಬನಶಂಕರಿಯ ಕೆಲವು ಬೀದಿಗಳಲ್ಲಿ ಅದು ಮನೆ ನಿರಾಕರಿಸಲು ಕಾರಣ. ಇದನ್ನು ಅನ್ಯಾಯವೆನ್ನುವ ಹಕ್ಕು ಸಭೆಗಿದೆ. ಆದರೆ ಆರಾಧನೆ ಮುಗಿದ ಮೇಲೆ ಮನೆಗೆಲಸದವಳೂ ಮನೆಯೊಡೆಯನೂ ಒಂದೇ ಮೇಜಿನಲ್ಲಿ ಕೂತು ಉಣ್ಣದ ಸಭೆಯು, ಆ ಹಕ್ಕಿನ ಮಾತಾಡುವ ಮುನ್ನ ಕೊರಿಂಥದವರಿಗೆ ಬಂದ ಪತ್ರಿಕೆಯನ್ನು ತನಗೆ ಬಂದದ್ದೆಂದೇ ಓದಬೇಕು.