ದೇವನಹಳ್ಳಿಯ ಸವಾರ ಮತ್ತು ಸಿಪಾಯಿಯ ಸಂಬಳ

ದುಡಿದವನ ಬೆವರು ಆರುವ ಮೊದಲೇ ಅವನ ಕೂಲಿ ಕೊಡಬೇಕೆಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ನಾವೆಲ್ಲರೂ ಜುಮಾ ಖುತ್ಬಾಗಳಲ್ಲಿ ಕೇಳಿದ್ದೇವೆ. ಕೂಲಿ ಕೊಡುವುದರಿಂದ ಒಬ್ಬ ಮನುಷ್ಯ ಎಷ್ಟು ಎತ್ತರಕ್ಕೆ ಏರಬಲ್ಲ, ಕೂಲಿ ತಡೆದರೆ ಒಂದು ಸರ್ಕಾರ ಹೇಗೆ ಕುಸಿಯಬಲ್ಲದು ಎಂಬುದಕ್ಕೆ ನಮ್ಮ ಸೀಮೆಯ ಇತಿಹಾಸದಲ್ಲೇ ಸಾಕ್ಷಿಯಿದೆ. ಅದು ನವಾಬ್ ಹೈದರ್ ಅಲಿಯವರ ಸೇವಾ ಜೀವನ.

ಹೈದರ್ ಹುಟ್ಟಿದ್ದು ಕೋಲಾರದ ಸಮೀಪದ ಬೂದಿಕೋಟೆಯಲ್ಲಿ. ಶಿರಾ ಸುಬೇದಾರಿಕೆಯ ಸೇನಾನಿಯಾಗಿದ್ದ ತಂದೆ ಫತೇ ಮುಹಮ್ಮದ್ ಯುದ್ಧದಲ್ಲಿ ಮಡಿದಾಗ ಹೈದರ್ ಮತ್ತು ಅಣ್ಣ ಶಹಬಾಜ್ ಇನ್ನೂ ಎಳೆಯ ಹುಡುಗರು. ತಂದೆಯ ಲೆಕ್ಕದಲ್ಲಿ ಬಾಕಿಯಿದೆ ಎಂಬ ನೆಪದಲ್ಲಿ ದೊಡ್ಡಬಳ್ಳಾಪುರದ ಜಾಗೀರುದಾರ ಅಬ್ಬಾಸ್ ಕುಲಿ ಖಾನ್ ಆ ಕುಟುಂಬವನ್ನು ದೋಚಿದ. ಹಣ ಕೀಳಲು ಮಕ್ಕಳಿಬ್ಬರನ್ನೂ ನಗಾರಿಯೊಳಗೆ ಕೂರಿಸಿ ಹಿಂಸಿಸಿದನೆಂದು ಇತಿಹಾಸಕಾರ ವಿಲ್ಕ್ಸ್ ದಾಖಲಿಸಿದ್ದಾನೆ. ಅನಾಥರ ಆಸ್ತಿಗೆ ಕೈಹಾಕುವವರನ್ನು ಕುರ್‌ಆನ್ ಏಕೆ ಅಷ್ಟು ಕಟುವಾಗಿ ಎಚ್ಚರಿಸುತ್ತದೆ ಎಂಬುದು ಇಲ್ಲಿ ಅರ್ಥವಾಗುತ್ತದೆ.

ಮುಂದೆ ಅಣ್ಣ ಮೈಸೂರು ಸಂಸ್ಥಾನದ ಸೇನೆ ಸೇರಿದರು. 1749ರಲ್ಲಿ ಮೈಸೂರಿನವರು ದೇವನಹಳ್ಳಿ ಕೋಟೆಗೆ ಮುತ್ತಿಗೆ ಹಾಕಿದಾಗ ಹೈದರ್ ಅಣ್ಣನ ತುಕಡಿಯ ಜೊತೆ ಬಂದರು. ಅವರಿಗೆ ಹುದ್ದೆಯೂ ಇರಲಿಲ್ಲ, ಬಿರುದೂ ಇರಲಿಲ್ಲ. ತಾನಾಗಿಯೇ ಬಂದ ಒಬ್ಬ ಸವಾರ, ಅಷ್ಟೇ. ಅವರ ಧೈರ್ಯವನ್ನು ಕಂಡ ಸರ್ವಾಧಿಕಾರಿ ನಂಜರಾಜ 50 ಕುದುರೆ ಸವಾರರು ಮತ್ತು 200 ಕಾಲಾಳುಗಳ ನಾಯಕತ್ವ ಕೊಟ್ಟ. ಗೆದ್ದ ಕೋಟೆಯ ಒಂದು ಬಾಗಿಲಿನ ಕಾವಲೂ ಅವರದಾಯಿತು. 1755ರ ಹೊತ್ತಿಗೆ ಅವರು ದಿಂಡಿಗಲ್ಲಿನ ಫೌಜುದಾರರಾದರು. ಅಲ್ಲಿ ಫ್ರೆಂಚ್ ಕುಶಲಕರ್ಮಿಗಳ ನೆರವಿನಿಂದ ಮದ್ದುಗುಂಡಿನ ಕಾರ್ಖಾನೆ ಕಟ್ಟಿದರು. ಅಕ್ಷರ ಕಲಿಯದ ಅವರಿಗೆ ನೆನಪಿನ ಶಕ್ತಿಯೇ ದಫ್ತರವಾಗಿತ್ತು.

ನಿಜವಾದ ತಿರುವು ಬಂದದ್ದು ಯುದ್ಧಭೂಮಿಯಲ್ಲಲ್ಲ. ಮರಾಠರಿಗೆ ಕಪ್ಪ ಕೊಟ್ಟು ಶ್ರೀರಂಗಪಟ್ಟಣದ ಖಜಾನೆ ಬರಿದಾಗಿತ್ತು. 1758ರ ಸುಮಾರಿಗೆ ಸಂಬಳ ಕಾಣದ ಸಿಪಾಯಿಗಳು ನಂಜರಾಜನ ಮನೆ ಬಾಗಿಲಲ್ಲಿ ಧರಣಿ ಕೂತರು. ಹೈದರ್ ದಿಂಡಿಗಲ್ಲಿನಿಂದ ಬಂದು, ಲೆಕ್ಕಪತ್ರ ಬಲ್ಲ ಖಂಡೇರಾಯನನ್ನು ಜೊತೆಗಿಟ್ಟುಕೊಂಡು, ಯಾರಿಗೆ ಎಷ್ಟು ಬರಬೇಕೆಂದು ಪರಿಶೀಲಿಸಿ ಬಾಕಿ ತೀರಿಸಿದರು. ಅಂದಿನಿಂದ ಸೇನೆ ಯಾರ ಮಾತು ನಂಬಬೇಕೆಂಬುದನ್ನು ಕಂಡುಕೊಂಡಿತು. 1761ರಲ್ಲಿ ಸಂಸ್ಥಾನದ ಆಡಳಿತವೇ ಅವರ ಕೈಗೆ ಬಂತು.

ಇತಿಹಾಸವನ್ನು ಬರೀ ಹೆಮ್ಮೆಗಾಗಿ ಓದಬಾರದು. ಸಂಬಳದ ಬಾಕಿಯನ್ನೇ ದಾಳವಾಗಿಸಿ ಹೈದರ್ ತಮ್ಮನ್ನು ಬೆಳೆಸಿದ ನಂಜರಾಜನನ್ನು ಬದಿಗೆ ಸರಿಸಿದರು. ಮರುವರ್ಷ ಚಿಕ್ಕಬಳ್ಳಾಪುರಕ್ಕೆ ಮುತ್ತಿಗೆ ಹಾಕಿದಾಗ ಪಾಳೆಯಗಾರ ನಂದಿದುರ್ಗಕ್ಕೆ ಸರಿದ, ಗುತ್ತಿಯ ಮುರಾರಿರಾವ್ ಅವನ ನೆರವಿಗೆ ನಿಂತ. ಕೊನೆಗೆ ನಂದಿಯೂ ಹೈದರ್ ವಶವಾಯಿತು. ಆ ಕಾದಾಟದ ಭಾರ ಹೊತ್ತವರು ಇಲ್ಲಿನ ರೈತಾಪಿ ಜನ. ಬೇಸಾಯ ಮಾಡುತ್ತಲೇ ಕರೆ ಬಂದಾಗ ಈಟಿ ಹಿಡಿಯುತ್ತಿದ್ದ ಕಂದಾಚಾರದ ಆಳುಗಳು ಯಾವ ದೊರೆ ಗೆದ್ದರೂ ಇದೇ ಮಣ್ಣಿನ ಮಕ್ಕಳು. ಅವರಲ್ಲಿ ಎಲ್ಲ ಜಾತಿ ಧರ್ಮದವರಿದ್ದರು. ಒಳಿತನ್ನು ಒಳಿತೆಂದು, ತಪ್ಪನ್ನು ತಪ್ಪೆಂದು ಹೇಳುವುದೇ ನ್ಯಾಯ.

1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿ, ಸೇನೆಯ ಬೀಡಿನಲ್ಲೇ ಹೈದರ್ ಕೊನೆಯುಸಿರೆಳೆದರು. ಮೃತದೇಹವನ್ನು ಮೊದಲು ಕೋಲಾರದಲ್ಲಿ ತಂದೆಯ ಸಮಾಧಿಯ ಬಳಿ ಇರಿಸಿ, ಬಳಿಕ ಶ್ರೀರಂಗಪಟ್ಟಣದ ಗುಂಬಜ್‌ಗೆ ಸಾಗಿಸಲಾಯಿತು.

ಮಗ ಟಿಪ್ಪು ಸುಲ್ತಾನ್ ಈ ನಾಡಿಗೆ ತಂದ ರೇಷ್ಮೆ ಇಂದು ಶಿಡ್ಲಘಟ್ಟ, ಚಿಂತಾಮಣಿಗಳ ಮನೆಮನೆಯ ಅನ್ನವಾಗಿದೆ. ರೇಷ್ಮೆಗೂಡು ಬೇಯಿಸುವ ಬಿಸಿನೀರಿನಲ್ಲಿ ಬೆರಳು ಅದ್ದಿ ನೂಲು ತೆಗೆಯುವ ತಾಯಂದಿರೂ ನಮ್ಮವರೇ, ಅವರಿಗೆ ಕೂಲಿ ಕೊಡುವ ರೀಲರುಗಳೂ ನಮ್ಮವರೇ. ಚಿಕ್ಕಬಳ್ಳಾಪುರದ ಅಂಗಡಿಯಲ್ಲಾಗಲಿ, ಗೌರಿಬಿದನೂರಿನ ಹೊಲದಲ್ಲಾಗಲಿ ದುಡಿಸಿಕೊಳ್ಳುವವರು ನಾವೂ ಇದ್ದೇವೆ. ಸಂಬಳದ ದಿನ ಮುಂದೂಡುವಾಗ ಶ್ರೀರಂಗಪಟ್ಟಣದ ಆ ಬಾಗಿಲನ್ನು ನೆನೆಯೋಣ. ಅಲ್ಲಿ ಕೂತವರು ದಾನ ಕೇಳಿರಲಿಲ್ಲ, ತಮ್ಮ ಹಕ್ಕು ಕೇಳಿದ್ದರು. ನಾಳೆ ಅಲ್ಲಾಹನ ಮುಂದೆ ನಮ್ಮ ಲೆಕ್ಕ ತೆರೆದಾಗ ಯಾರ ಕೂಲಿಯ ಬಾಕಿಯೂ ಅದರಲ್ಲಿ ಉಳಿಯದಿರಲಿ.