ಫರೋಹನ ಹೆಸರು: ಶಾಸನದಲ್ಲಿ, ಧರ್ಮಗ್ರಂಥದಲ್ಲಿ, ಜನಮನದಲ್ಲಿ

ಅಳಿಯುವ ಒಡಲಿಗಿಂತ ಉಳಿಯುವ ಹೆಸರೇ ಹಿರಿದೆಂಬ ಭಾವನೆ ಎಲ್ಲ ದೇಶಗಳ ಅರಸರಲ್ಲಿಯೂ ಉಂಟು. ಆದರೆ ಆ ಭಾವನೆಯನ್ನು ಮತಸಿದ್ಧಾಂತದ ಮಟ್ಟಕ್ಕೇರಿಸಿದವರು ನೈಲ್ ನದಿಯ ದಂಡೆಯ ಪ್ರಾಚೀನ ಈಜಿಪ್ಟಿನವರು. ಅವರ ನಂಬಿಕೆಯಂತೆ ಹೆಸರು ಕೇವಲ ಗುರುತಲ್ಲ. ಅದು ವ್ಯಕ್ತಿಯ ಸತ್ತ್ವದ ಒಂದು ಅಂಗ. ಹೆಸರು ಉಳಿದಿರುವವರೆಗೆ ಸತ್ತವನು ಪರಲೋಕದಲ್ಲಿ ಬದುಕಿರುತ್ತಾನೆ. ಹೆಸರಳಿದರೆ ಅವನಿಗೆ ಮರಳಿ ಮರಣ. ಆದಕಾರಣವೇ ಅರಸನ ಹೆಸರನ್ನು ಹಗ್ಗದ ಕುಣಿಕೆಯಂತಹ ನೀಳವಾದ ರೇಖಾವಲಯದೊಳಗೆ ಬರೆದು, ಕಲ್ಲಿನಲ್ಲಿ ಕೆತ್ತಿ ಕಾಪಾಡಿದರು. ಹೀಗಿದ್ದೂ, ಲೋಕದ ಕೋಟ್ಯಂತರ ಜನ ಅತ್ಯಂತ ನಿಕಟವಾಗಿ ಬಲ್ಲ ಈಜಿಪ್ಟಿನ ಅರಸನಿಗೆ ಹೆಸರೇ ಇಲ್ಲ! ಮೋಶೆಯನ್ನು ಎದುರಿಸಿದ ಆತ ಬರಿಯ ‘ಫರೋಹ’. ಈ ವಿಪರ್ಯಾಸದ ಕಾರಣವನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕನ್ನಡ ಬೈಬಲಿನಲ್ಲಿ ‘ಫರೋಹ’ನೆಂದೂ ಕುರ್‌ಆನಿನಲ್ಲಿ ‘ಫಿರ್‌ಔನ್’ ಎಂದೂ ಬರುವ ಈ ಪದ ಮೂಲತಃ ವ್ಯಕ್ತಿವಾಚಕವಲ್ಲ. ಈಜಿಪ್ಟಿನ ಭಾಷೆಯಲ್ಲಿ ‘ಪೆರ್-ಆ’ ಎಂದರೆ ದೊಡ್ಡ ಮನೆ, ಅರಮನೆ. ‘ಅರಮನೆಯ ಅಪ್ಪಣೆ’ ಎಂದಾಗ ನಾವು ಅರಸನ ಅಪ್ಪಣೆಯೆಂದೇ ತಿಳಿಯುವಂತೆ, ಕ್ರಿ.ಪೂ. 15-14ನೆಯ ಶತಮಾನಗಳ ಸುಮಾರಿಗೆ ಆ ಮಾತು ಅರಸನಿಗೇ ಅನ್ವಯವಾಗತೊಡಗಿತು. ಎಂದರೆ ಧರ್ಮಗ್ರಂಥವು ನಮಗೆ ಉಳಿಸಿಕೊಟ್ಟಿರುವುದು ಮನೆಯ ಹೆಸರನ್ನೇ ಹೊರತು ಮನೆಯೊಡೆಯನ ಹೆಸರನ್ನಲ್ಲ.

ಮೊದಲು ಶಿಲೆಯ ಸಾಕ್ಷ್ಯವನ್ನು ನೋಡೋಣ. ಕ್ರಿ.ಪೂ. 1279ರಿಂದ 1213ರವರೆಗೆ, 66 ವರ್ಷಗಳ ಕಾಲ ಆಳಿದ ಎರಡನೆಯ ರಾಮೆಸ್ಸಿಸನಷ್ಟು ಹೆಸರಿಗಾಗಿ ಹಂಬಲಿಸಿದವರು ವಿರಳ. ಪೂರ್ವಿಕರ ಪ್ರತಿಮೆಗಳ ಮೇಲೂ ತನ್ನ ಹೆಸರನ್ನೇ ಬರೆಯಿಸಿದ ಈತ, ಮುಂದೆ ಯಾರೂ ಅಳಿಸಲಾಗದಂತೆ ಅಕ್ಷರಗಳನ್ನು ಆಳವಾಗಿ ಕೊರೆಯಿಸಿದನು. ಕ್ರಿ.ಪೂ. 1274ರ ಸುಮಾರಿಗೆ ಕಾದೇಶ್ ಎಂಬಲ್ಲಿ ಹಿಟ್ಟೈಟರೊಡನೆ ನಡೆದ ಕದನವನ್ನು ಆತನ ದೇವಾಲಯಗಳ ಗೋಡೆಗಳು ಮಹಾವಿಜಯವೆಂದು ಸಾರುತ್ತವೆ. ಏಕಾಂಗಿಯಾಗಿ ಶತ್ರುಗಳ ರಥವ್ಯೂಹವನ್ನು ಭೇದಿಸಿದನೆಂದು ಕೊಂಡಾಡುತ್ತವೆ. ಆದರೆ ಆ ಪಟ್ಟಣ ಆತನಿಗೆ ವಶವಾಗಲೇ ಇಲ್ಲ. ಸುಮಾರು 15 ವರ್ಷಗಳ ತರುವಾಯ ಎರಡೂ ರಾಜ್ಯಗಳ ನಡುವೆ ಸಂಧಿಯಾಯಿತು. ಕಾರ್ನಾಕ್ ದೇವಾಲಯದ ಗೋಡೆಯ ಮೇಲಿರುವ ಪ್ರತಿಯಲ್ಲಿ ಸಂಧಿಯನ್ನು ಬೇಡಿ ಬಂದವರು ಹಿಟ್ಟೈಟರು. ಹಿಟ್ಟೈಟರ ರಾಜಧಾನಿಯಲ್ಲಿ ದೊರೆತ ಜೇಡಿಮಣ್ಣಿನ ಫಲಕದಲ್ಲಿ ಬೇಡಿದವನು ರಾಮೆಸ್ಸಿಸ್! ನಮ್ಮ ಶಾಸನಗಳ ಪ್ರಶಸ್ತಿಭಾಗವನ್ನೂ ಬಿರುದಾವಳಿಯನ್ನೂ ಓದಿ ಬಲ್ಲವರಿಗೆ ಇದು ಹೊಸತೆನಿಸದು. ಕಲ್ಲು ಸುಳ್ಳಾಡದೆಂಬ ಮಾತು ಕಲ್ಲಿನ ಮಟ್ಟಿಗೆ ನಿಜ, ಕೆತ್ತಿಸಿದವನ ಮಟ್ಟಿಗಲ್ಲ.

ಹೆಸರನ್ನು ಉಳಿಸಬಲ್ಲ ಉಳಿಯೇ ಅದನ್ನು ಅಳಿಸಲೂ ಬಲ್ಲದು. ಕ್ರಿ.ಪೂ. 15ನೆಯ ಶತಮಾನದಲ್ಲಿ ಅರಸನ ವೇಷ, ಬಿರುದುಗಳೊಡನೆಯೇ ಆಳಿದ ರಾಣಿ ಹ್ಯಾಟ್‌ಶೆಪ್ಸುಟಳ ಹೆಸರನ್ನು ಆಕೆ ಸತ್ತು ಹಲವು ವರ್ಷಗಳಾದ ಮೇಲೆ ಗೋಡೆಗಳಿಂದ ಕೆತ್ತಿ ತೆಗೆಯಲಾಯಿತು. ಮುಂದಿನ ಶತಮಾನದ ಅಖೆನಾತನ್ ಸೂರ್ಯಬಿಂಬವಾದ ಅತನ್‌ನೊಬ್ಬನನ್ನೇ ಪರದೈವವೆಂದು ಸಾರಿ, ಅಮುನ್ ದೇವತೆಯ ಹೆಸರನ್ನು ನಾಡಿನಾದ್ಯಂತ ಅಳಿಸಿ ಹಾಕಿಸಿದನು. ಆತ ತೀರಿಕೊಂಡ ಮೇಲೆ ಅದೇ ಶಿಕ್ಷೆ ಆತನಿಗೂ ಒದಗಿತು. ಅಬೈಡಾಸ್ ಕ್ಷೇತ್ರದಲ್ಲಿ ಮೊದಲನೆಯ ಸೇಟಿ ಕೆತ್ತಿಸಿದ 76 ಹೆಸರುಗಳ ರಾಜಾವಳಿಯಲ್ಲಿ ಹ್ಯಾಟ್‌ಶೆಪ್ಸುಟಳೂ ಇಲ್ಲ, ಅಖೆನಾತನನೂ ಇಲ್ಲ, ಆತನ ಅನಂತರ ಬಂದ ಬಾಲರಾಜ ಟುಟಾಂಖಾಮನನೂ ಇಲ್ಲ. ಆದರೆ ಕಾಲದ ನ್ಯಾಯ ವಿಚಿತ್ರವಾದುದು. 1887ರಲ್ಲಿ ಅಮಾರ್ನಾದಲ್ಲಿ ದೊರೆತ ಮಣ್ಣಿನ ಪತ್ರಗಳು ಅಖೆನಾತನ ಕಾಲವನ್ನು ಮತ್ತೆ ಬೆಳಕಿಗೆ ತಂದುವು. 1922ರಲ್ಲಿ ಹೋವರ್ಡ್ ಕಾರ್ಟರ್ ಟುಟಾಂಖಾಮನನ ಸಮಾಧಿಯನ್ನು ಕಂಡುಹಿಡಿದನು. ಪಟ್ಟಿಯಿಂದ ಹೊರಹಾಕಲ್ಪಟ್ಟವರೇ ಇಂದು ಮನೆಮಾತಾಗಿದ್ದಾರೆ. ಪಟ್ಟಿಯಲ್ಲಿ ಉಳಿದ ಬಹುಪಾಲು ಅರಸರನ್ನು ವಿದ್ವಾಂಸರಷ್ಟೇ ಬಲ್ಲರು.

ಇನ್ನು ಧರ್ಮಗ್ರಂಥಗಳ ವಿಚಾರ. ವಿಮೋಚನಕಾಂಡದ ಮೊದಲ ಅಧ್ಯಾಯದಲ್ಲಿ ಒಂದು ಸೂಕ್ಷ್ಮವಿದೆ. ಇಸ್ರಾಯೇಲರ ಗಂಡುಶಿಶುಗಳನ್ನು ಕೊಲ್ಲಬೇಕೆಂದು ಸೂಲಗಿತ್ತಿಯರಿಗೆ ಆಜ್ಞಾಪಿಸಿದ ಅರಸನ ಹೆಸರನ್ನು ಗ್ರಂಥವು ಹೇಳುವುದಿಲ್ಲ. ದೇವರಿಗೆ ಅಂಜಿ ಆ ಆಜ್ಞೆಯನ್ನು ಮೀರಿದ ಸೂಲಗಿತ್ತಿಯರ ಹೆಸರುಗಳನ್ನು ಮಾತ್ರ ಹೇಳುತ್ತದೆ: ಶಿಪ್ರಾ, ಪೂಗಾ. ಗ್ರಂಥಕಾರರಿಗೆ ಅರಸರ ಹೆಸರುಗಳೇ ತಿಳಿಯದೆಂದು ಭಾವಿಸುವಂತಿಲ್ಲ. ಮುಂದಿನ ಭಾಗಗಳಲ್ಲಿ ರೆಹಬ್ಬಾಮನ ಕಾಲದಲ್ಲಿ ಯೆರೂಸಲೇಮಿನ ಮೇಲೆ ದಂಡೆತ್ತಿ ಬಂದ ಶೀಶಕ, ಯೋಷೀಯನನ್ನು ಕೊಂದ ನೆಕೋ, ಯೆರೆಮೀಯನ ಕಾಲದ ಹೊಫ್ರ ಇವರೆಲ್ಲರೂ ಹೆಸರಿನಿಂದಲೇ ಬರುತ್ತಾರೆ. ಇವರನ್ನು ಇತಿಹಾಸವೂ ಗುರುತಿಸುತ್ತದೆ. ಮೋಶೆಯ ಎದುರಾಳಿ ಮಾತ್ರ ಅನಾಮಿಕ. ಕಾರಣವೇನೇ ಇರಲಿ, ಫಲವಂತೂ ಸ್ಪಷ್ಟ: ಹೆಸರನ್ನೇ ಪ್ರಾಣವೆಂದು ನಂಬಿದ ನಾಡಿನ ಅರಸನಿಗೆ ಇದಕ್ಕಿಂತ ಕಠಿಣವಾದ ತೀರ್ಪು ಬೇರೊಂದಿಲ್ಲ.

ಕುರ್‌ಆನಿನ ದೃಷ್ಟಿಯೂ ಗಮನಾರ್ಹವಾದುದು. ಬೈಬಲು ಯೋಸೇಫನ ಕಾಲದ ಅರಸನನ್ನೂ ಫರೋಹನೆಂದೇ ಕರೆದರೆ, ಕುರ್‌ಆನಿನ ಯೂಸುಫರ ಕಥೆಯಲ್ಲಿ ಆತ ಬರಿಯ ‘ದೊರೆ’. ಫಿರ್‌ಔನ್ ಎಂಬ ಮಾತು ಮೂಸಾರ ಕಾಲದ ದರ್ಪಿಷ್ಠನಿಗೆ ಮೀಸಲು. ಆತನ ಮಡದಿಯನ್ನಾದರೋ ವಿಶ್ವಾಸಿಗಳಿಗೆ ಆದರ್ಶವೆಂದು ಎತ್ತಿಹಿಡಿಯಲಾಗಿದೆ. ಮುಳುಗುವ ಗಳಿಗೆಯಲ್ಲಿ ಶರಣಾದ ಆತನ ದೇಹವನ್ನು ಮುಂದಿನವರಿಗೆ ನಿದರ್ಶನವಾಗಿ ಉಳಿಸಲಾಗುವುದೆಂಬ ಮಾತು ಹತ್ತನೆಯ ಅಧ್ಯಾಯದಲ್ಲಿ ಬರುತ್ತದೆ.

ಹಾಗಾದರೆ ಆತ ಯಾರು? ಯೆಹೂದ್ಯರು ಕಟ್ಟಿದ ಪಟ್ಟಣಗಳಲ್ಲೊಂದಕ್ಕೆ ‘ರಾಮ್ಸೇಸ್’ ಎಂಬ ಹೆಸರಿರುವುದರಿಂದ ಎರಡನೆಯ ರಾಮೆಸ್ಸಿಸನೇ ಇರಬೇಕೆಂದು ಹಲವರು ಊಹಿಸಿದ್ದಾರೆ. ಆತನ ಮಗ ಮೆರ್ನೆಪ್ಟಾನೆಂದು ಇನ್ನು ಕೆಲವರು. 1896ರಲ್ಲಿ ಫ್ಲಿಂಡರ್ಸ್ ಪೆಟ್ರಿ ಥೀಬ್ಸಿನಲ್ಲಿ ಪತ್ತೆಹಚ್ಚಿದ ಮೆರ್ನೆಪ್ಟಾನ ಶಾಸನದಲ್ಲಿ ಇಸ್ರಾಯೇಲ್ ಎಂಬ ಜನಾಂಗದ ಉಲ್ಲೇಖವಿದೆ. ಆದರೆ ಅದು ಬಿಡುಗಡೆಯ ಕಥೆಯನ್ನು ಹೇಳುವುದಿಲ್ಲ. ಆ ಜನಾಂಗ ನಿರ್ಬೀಜವಾಯಿತೆಂದು ಜಂಬ ಕೊಚ್ಚುತ್ತದೆ. ನಿರ್ಬೀಜವಾಯಿತೆಂದು ಸಾರಿದ ರಾಜ್ಯವೇ ಅಳಿದು, ಆ ಜನಾಂಗ ಉಳಿದುದನ್ನು ಕಾಲವೇ ತೋರಿಸಿತು. ಮೆರ್ನೆಪ್ಟಾನ ರಕ್ಷಿತ ಶವದಲ್ಲಿ ಉಪ್ಪಿನ ಅಂಶವಿರುವುದರಿಂದ ಆತ ಕಡಲಲ್ಲಿ ಮುಳುಗಿ ಸತ್ತನೆಂಬ ವಾದವೊಂದು ಜನಪ್ರಿಯವಾಗಿದೆ. ಆದರೆ ಶವವನ್ನು ಒಣಗಿಸಲು ನೇಟ್ರನ್ ಎಂಬ ಲವಣವನ್ನು ಬಳಸುವುದು ಆ ನಾಡಿನ ಸಾಮಾನ್ಯ ಪದ್ಧತಿಯಾಗಿತ್ತು. ಆದ್ದರಿಂದ ಉಪ್ಪು ಏನನ್ನೂ ಸಿದ್ಧಪಡಿಸದು. ಶ್ರದ್ಧೆಗೆ ಇಂತಹ ದುರ್ಬಲವಾದ ಊರುಗೋಲು ಬೇಕಾಗಿಲ್ಲ. ಈಜಿಪ್ಟಿನ ಯಾವ ಬರಹವೂ ಆ ನಿರ್ಗಮನವನ್ನು ಹೇಳುವುದಿಲ್ಲವೆಂಬುದು ನಿಜ. ಸೋಲನ್ನು ಕೆತ್ತಿಸುವ ಪರಿಪಾಠ ಆ ಅರಸರಲ್ಲಿರಲಿಲ್ಲವೆಂಬುದೂ ಅಷ್ಟೇ ನಿಜ. ಧರ್ಮಗ್ರಂಥವು ಅರಸರ ದಿನಚರಿಯಲ್ಲ. ‘ಯಾರು’ ಎಂಬುದಕ್ಕಿಂತ ‘ಎಂಥವನು’ ಎಂಬುದೇ ಅದರ ಪ್ರಶ್ನೆ.

ಮೂರನೆಯ ಸಾಕ್ಷಿ ಜನಮನ. ಕ್ರಿ.ಪೂ. 5ನೆಯ ಶತಮಾನದಲ್ಲಿ ಗ್ರೀಸಿನ ಹೆರೊಡೋಟಸನು ಈಜಿಪ್ಟಿಗೆ ಬಂದಾಗ ಮಹಾಪಿರಮಿಡ್ಡಿಗೆ ಆಗಲೇ ಎರಡು ಸಾವಿರ ವರ್ಷ ಸಂದಿದ್ದುವು. ಖುಫು ಅರಸನು ಗುಡಿಗಳನ್ನು ಮುಚ್ಚಿಸಿ, ಲಕ್ಷ ಜನರನ್ನು ಸರದಿಯ ಮೇಲೆ 20 ವರ್ಷ ದುಡಿಸಿದ ಕ್ರೂರಿಯೆಂದು ಆತ ಕೇಳಿ ಬರೆದನು. 146 ಮೀಟರಿನಷ್ಟು ಎತ್ತರಕ್ಕೆ ಕಟ್ಟಿಸಿದವನಿಗೆ ದಕ್ಕಿದ್ದು ಈ ಅಪಕೀರ್ತಿ. ಪೂರ್ಣವಾಗಿ ಉಳಿದುಬಂದ ಆತನ ಪ್ರತಿಮೆಯಾದರೋ ಸುಮಾರು 7.5 ಸೆಂಟಿಮೀಟರ್ ಎತ್ತರದ ಒಂದು ದಂತದ ಬೊಂಬೆ ಮಾತ್ರ!

ಆದರೆ ಜನರ ಮಾತನ್ನೂ ಪರೀಕ್ಷಿಸಿಯೇ ಸ್ವೀಕರಿಸಬೇಕು. 1990ರಿಂದೀಚೆಗೆ ಗೀಜಾದಲ್ಲಿ ದೊರೆತ ಕೆಲಸಗಾರರ ಸಮಾಧಿಗಳು ಅವರು ಗೌರವದಿಂದ ಹೂಳಲ್ಪಟ್ಟವರೆಂದು ತಿಳಿಸುತ್ತವೆ. ಸಂಕೋಲೆಯ ಗುಲಾಮರ ಚಿತ್ರಕ್ಕೆ ಅದು ಒಪ್ಪುವುದಿಲ್ಲ. 2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್-ಜರ್ಫ್‌ನಲ್ಲಿ ದೊರೆತ ಪಪೈರಸ್ ಬರಹಗಳಲ್ಲಿ ಮೆರರ್ ಎಂಬ ಮೇಲ್ವಿಚಾರಕನ ದಿನಚರಿಯಿದೆ. ತುರಾದ ಗಣಿಯಿಂದ ದೋಣಿಗಳಲ್ಲಿ ಸುಣ್ಣಕಲ್ಲನ್ನು ಪಿರಮಿಡ್ಡಿನೆಡೆಗೆ ಸಾಗಿಸಿದುದನ್ನು ಆತ ದಿನದಿನವೂ ಬರೆದಿಟ್ಟಿದ್ದಾನೆ. ಮೂರನೆಯ ರಾಮೆಸ್ಸಿಸನ 29ನೆಯ ಆಳಿಕೆಯ ವರ್ಷದಲ್ಲಿ ಧಾನ್ಯದ ಸಂಬಳ ಬಾರದೆ ಹಸಿದ ಸಮಾಧಿಶಿಲ್ಪಿಗಳು ಕೆಲಸ ನಿಲ್ಲಿಸಿ ಪ್ರತಿಭಟಿಸಿದುದೂ ಪಪೈರಸ್ಸಿನಲ್ಲಿಯೇ ಉಳಿದಿದೆ. ಗೋಡೆಗಳು ಬಚ್ಚಿಟ್ಟ ಹಸಿವನ್ನು ಲಿಪಿಕಾರನ ಹಾಳೆ ಹೇಳಿತು.

ಇಂದಿನ ಈಜಿಪ್ಟಿನಲ್ಲಿಯೂ ಈ ನೆನಪು ಇಬ್ಬಗೆಯಾಗಿದೆ. 1981ರ ಅಕ್ಟೋಬರ್ 6ರಂದು ಅಧ್ಯಕ್ಷ ಸಾದಾತರನ್ನು ಕೊಂದವನು ತಾನು ಫರೋಹನನ್ನು ಕೊಂದೆನೆಂದು ಕೂಗಿದನು. ಅಲ್ಲಿ ಆ ಮಾತು ಬೈಗುಳ. ಅದೇ ನಾಡಿನ ಕಾಲ್ಚೆಂಡಿನ ತಂಡಕ್ಕೆ ಫರೋಹರೆಂಬುದು ಹೆಮ್ಮೆಯ ಬಿರುದು. 2021ರ ಏಪ್ರಿಲ್ 3ರಂದು 18 ಅರಸರ, 4 ಅರಸಿಯರ ರಕ್ಷಿತ ಶವಗಳನ್ನು ಕೈರೋ ನಗರದ ಹೊಸ ವಸ್ತುಸಂಗ್ರಹಾಲಯಕ್ಕೆ ರಾಜಮರ್ಯಾದೆಯ ಮೆರವಣಿಗೆಯಲ್ಲಿ ಕೊಂಡೊಯ್ಯಲಾಯಿತು.

ಶಿಲೆಯು ಅರಸನ ಹೆಸರನ್ನು ಉಳಿಸಿ ನಡತೆಯನ್ನು ಮರೆಮಾಚಿತು. ಧರ್ಮಗ್ರಂಥವು ನಡತೆಯನ್ನು ಉಳಿಸಿ ಹೆಸರನ್ನು ಕೈಬಿಟ್ಟಿತು. ಜನಮನವು ಎರಡನ್ನೂ ಕಲಸಿ ತನಗೆ ಬೇಕಾದ ಮೂರ್ತಿಯನ್ನು ಮಾಡಿಕೊಂಡಿತು. ಒಂದರ ಅಳತೆಗೋಲಿನಿಂದ ಮತ್ತೊಂದನ್ನು ಅಳೆಯಹೊರಟರೆ ಮೂರಕ್ಕೂ ಅನ್ಯಾಯವಾದೀತು. ಮೂರನ್ನೂ ಅವುಗಳ ಮರ್ಯಾದೆಯರಿತು ಓದಿದಾಗಲೇ ಸತ್ಯದ ಹತ್ತಿರ ಸಾರಬಹುದು. ಈಜಿಪ್ಟಿನ ಆಡುನುಡಿಯ ಗಾದೆಯೊಂದರಲ್ಲಿ, ನಿನ್ನನ್ನು ಫರೋಹನನ್ನಾಗಿ ಮಾಡಿದವರು ಯಾರೆಂದು ಫರೋಹನನ್ನು ಕೇಳುತ್ತಾರೆ. ತಡೆಯುವವರು ಯಾರೂ ಸಿಗಲಿಲ್ಲವೆಂಬುದು ಆತನ ಉತ್ತರ. ಆ ಉತ್ತರ ಸಲ್ಲದ ಒಂದು ಕಡೆಯುಂಟು. ಅಲ್ಲಿ ತಡೆದವರು ಇಬ್ಬರು ಸೂಲಗಿತ್ತಿಯರು. ಅವರ ಹೆಸರುಗಳು ಉಳಿದಿವೆ.