ಸನ್ನದ ಹಿಟ್ಟಿಗೆ ಕಳ್ಳು

ಕಳ್ಳಿನ ಚರಿತ್ರೆಯನ್ನು ನಮ್ಮಲ್ಲಿ ಗಡಂಗಿನ ಕಡೆಯಿಂದಲೇ ಬರೆದಿದ್ದಾರೆ. ಮಂಗಳೂರಿನಲ್ಲಿ ಕ್ರೈಸ್ತರ ಮದುವೆ, ಮದುವೆಯ ಮುಂಚಿನ ರೋಸ್ ಶಾಸ್ತ್ರ, ಇಗರ್ಜಿಯ ಹಬ್ಬವಾದ ಸಾಂತ್‌ಮಾರಿಗಳಿಗೆ ಸನ್ನವೆಂಬ ಅಕ್ಕಿಯ ಹಬೆತಿಂಡಿ ಬೇಯಿಸಿ ಕೊಡುವ ನಾನು ಅದನ್ನು ಒಲೆಯ ಕಡೆಯಿಂದ ಹೇಳುತ್ತೇನೆ.

ಕಳ್ಳು ಇಳಿಸುವ ಮೂರ್ತೆದಾರರು ಬಿರಿಯದ ಹೊಂಬಾಳೆಯನ್ನು ಬಿಗಿದು ಕಟ್ಟಿ, ದಿನವೂ ಮೆಲ್ಲಗೆ ಬಡಿದು ಹದ ಮಾಡಿ, ತುದಿಯನ್ನು ತೆಳ್ಳಗೆ ಕೆತ್ತಿ ಮಡಕೆ ಇಡುತ್ತಾರೆ. ಮಡಕೆಯೊಳಗೆ ಸುಣ್ಣ ಬಳಿದರೆ ರಸ ಸಿಹಿಯಾಗಿಯೇ ಉಳಿಯುತ್ತದೆ, ಕಾಯಿಸಿದರೆ ಬೆಲ್ಲ. ಸುಣ್ಣ ಬಳಿಯದಿದ್ದರೆ ಗಾಳಿಯ, ಮಡಕೆಯ ಯೀಸ್ಟ್ ಆಗಲೇ ಕೆಲಸಕ್ಕಿಳಿಯುತ್ತದೆ. ಕೆಲವೇ ಗಂಟೆಗಳಲ್ಲಿ ನೊರೆ, ಸಂಜೆಗೆ ಅಮಲು, ವಾರಗಳು ಕಳೆದರೆ ವಿನೆಗರ್. ನನಗೆ ಬೇಕಾದದ್ದು ನೊರೆಯ ಹೊತ್ತಿನ ಕಳ್ಳು. ಅಕ್ಕಿ, ಸ್ವಲ್ಪ ಉದ್ದು ಅರೆದ ಹಿಟ್ಟಿಗೆ ಅದನ್ನು ಬೆರೆಸಿಟ್ಟರೆ ಹಿಟ್ಟು ಉಬ್ಬಿ ಬರುತ್ತದೆ. ಆಮೇಲೆ ಬಟ್ಟಲುಗಳಿಗೆ ಹೊಯ್ದು ತೊಂದೂರು ಎಂಬ ಹಬೆಪಾತ್ರೆಯಲ್ಲಿ ಬೇಯಿಸುವುದು. ನಮ್ಮ ಹಿರಿಯರು ಬಿಟ್ಟುಬಂದ ಗೋವೆಯಲ್ಲಿ ಪೋರ್ಚುಗೀಸರ ಕಾಲದ ಬ್ರೆಡ್ ಹಿಟ್ಟನ್ನೂ ಕಳ್ಳೇ ಉಬ್ಬಿಸುತ್ತಿತ್ತು.

ತುಳುನಾಡಿನಲ್ಲಿ ಮರ ಹತ್ತಿದವರು ಹೆಚ್ಚಾಗಿ ಬಿಲ್ಲವರು. ಕಸುಬಿಗೆ ಅಂಟಿದ ಕಳಂಕವನ್ನೂ ಅವರೇ ಹೊತ್ತರು. 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳು ಕಳ್ಳು ಇಳಿಸಬೇಡಿ, ಕುಡಿಯಬೇಡಿ ಎಂದು ಬೋಧಿಸಿದವರು. ಕುಡಿತ ಮನೆಗಳನ್ನು ತಿನ್ನುವುದನ್ನು ಕಂಡು ಆಡಿದ ಆ ಮಾತಿಗೆ ನಾನು ತಲೆಬಾಗುತ್ತೇನೆ.

ಆಮೇಲೆ ಕಾನೂನು ಬಂತು. 1948ರ ಹೊತ್ತಿಗೆ ಇಡೀ ಮದ್ರಾಸ್ ಪ್ರಾಂತ್ಯದಲ್ಲಿ ಪಾನನಿಷೇಧ ಜಾರಿಯಾಯಿತು. ದಕ್ಷಿಣ ಕನ್ನಡ ಆಗ ಅದರ ಜಿಲ್ಲೆ. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ನಿಷೇಧ ತೆರವಾದದ್ದು 1967ರಲ್ಲಿ. ವಿಪರ್ಯಾಸವೆಂದರೆ, ಆಗಿನ ಮುಖ್ಯಮಂತ್ರಿ ನಿಜಲಿಂಗಪ್ಪನವರು 1939ರಲ್ಲಿ ಕಳ್ಳು ಕೊಡುವ ಈಚಲು ಮರಗಳನ್ನು ಕಡಿಯುವ ತುರುವನೂರಿನ ಸತ್ಯಾಗ್ರಹದಲ್ಲಿ ಜೈಲು ಕಂಡವರು.

ನನ್ನ ಅತ್ತೆ ಮದುವೆಯಾಗಿ ಈ ಮನೆಗೆ ಬಂದದ್ದು ನಿಷೇಧದ ಕಾಲದಲ್ಲಿ. ಹಿಂದಿನ ದಿನದ ಹಿಟ್ಟನ್ನು ಒಂದು ಸೌಟು ಉಳಿಸಿ ಹೊಸ ಹಿಟ್ಟಿಗೆ ಬೆರೆಸುತ್ತಿದ್ದರಂತೆ. ಸನ್ನ ಉಬ್ಬುತ್ತಿತ್ತು, ಆದರೆ ಕಳ್ಳಿನ ಸಿಹಿಹುಳಿ ಇರಲಿಲ್ಲ ಎಂದು ಕೊನೆಯವರೆಗೂ ಹೇಳುತ್ತಿದ್ದರು. ಕಾನೂನಿನ ಕಣ್ಣಿಗೆ ಬಿದ್ದದ್ದು ಸಂಜೆಯ ಅಮಲು ಮಾತ್ರ. ಅದರ ಹಿಂದಿನ ನೊರೆ, ಮುಂದಿನ ವಿನೆಗರ್ ಲೆಕ್ಕಕ್ಕೆ ಬರಲಿಲ್ಲ. ಹೆಂಗಸರ ಅಡುಗೆಯೂ ಬರಲಿಲ್ಲ.

ರಾಜ್ಯದ ಬೇರೆಡೆ ಶೇಂದಿ ಮಾರಾಟ ನಿಂತ ಮೇಲೂ ದಕ್ಷಿಣ ಕನ್ನಡ, ಉಡುಪಿಯಲ್ಲಿ ಮೂರ್ತೆದಾರರ ಸಹಕಾರ ಸಂಘಗಳಿಂದ ಈ ಕಸುಬು ಉಳಿದಿದೆ. ನನಗೆ ಕಳ್ಳು ತರುವವರಿಗೆ ವಯಸ್ಸಾಯಿತು. ತಮ್ಮ ಮಕ್ಕಳು ಮರ ಹತ್ತುವುದು ಬೇಡ ಎನ್ನುತ್ತಾರೆ ಅವರು. ಬಿದ್ದರೆ ಬದುಕೇ ಹೋಗುವ ಕೆಲಸ. ಅವರ ಮಾತು ತಪ್ಪಲ್ಲ. ಅದಕ್ಕೇ ನಾನು ಅವರೊಡನೆ ಚೌಕಾಸಿ ಮಾಡುವುದಿಲ್ಲ, ಗಿರಾಕಿಗಳಿಗೂ ಸನ್ನದ ದರದಲ್ಲಿ ಮರ ಹತ್ತಿದವರ ಕೂಲಿ ಸೇರಿದೆ ಎಂದು ಬಿಡಿಸಿ ಹೇಳುತ್ತೇನೆ. ಹಬ್ಬದೂಟದ ರುಚಿ ಉಳಿಯಬೇಕೆನ್ನುವವರು ಮೊದಲು ಆ ಕೂಲಿಯನ್ನೂ ಆ ಕಸುಬಿನ ಮರ್ಯಾದೆಯನ್ನೂ ಉಳಿಸಬೇಕು.